ಹನ್ನೊಂದು ಕಿಲೋ ಹಗುರ

ಕಾರಿನ ಹಳೇ ಬ್ಯಾಟರಿಯನ್ನು ಅಡಿಕೆ ತೂಗುವ ಕಾಟಾದ ಮೇಲೆ ಇಟ್ಟೆ. 17 ಕಿಲೋ 200 ಗ್ರಾಂ. ಹೊಸದನ್ನು ಇಟ್ಟೆ. 5 ಕಿಲೋ 800. ಅಪ್ಪಾಜಿ ಪಕ್ಕದಲ್ಲೇ ಕೂತಿದ್ದರು. ಕಾಟಾ ನೋಡಿದರು, ನನ್ನ ಹೊಟ್ಟೆ ನೋಡಿದರು, ಏನೂ ಹೇಳಲಿಲ್ಲ. ರೇಟು ಎಷ್ಟು ಅಂತ ಕೇಳಿದಾಗ ಅರ್ಧ ಹೇಳಿದೆ. ಅಷ್ಟಕ್ಕೇ ಎದ್ದು ಒಳಗೆ ಹೋದರು.

ಅಡಿಕೆಗೆ ಒಳ್ಳೇ ರೇಟು ಸಿಕ್ಕ ವರ್ಷ ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರು ಇದು. ಎರಡೇ ಸೀಟು. ಎಂಜಿನ್ ಬೆನ್ನ ಹಿಂದೆ. ಮುಂದಿನ ಬಾನೆಟ್ ಎತ್ತಿದರೆ ಅಲ್ಲಿ ಡಿಕ್ಕಿ. ಬ್ಯಾಟರಿ ಇರುವುದೂ ಆ ಡಿಕ್ಕಿಯಲ್ಲೇ, ಮುಂದಿನ ಗ್ಲಾಸಿನ ಬುಡದಲ್ಲಿ. ಈ ಜಾಗ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಈ ಹುಚ್ಚು ಹತ್ತಿದ್ದು ಪೋರ್ಷೆ ಬಗ್ಗೆ ಓದುವಾಗ. 2009ರಲ್ಲೇ ಆ ಕಂಪನಿ 911 ಜಿಟಿ3 ಕಾರಿಗೆ ಲಿಥಿಯಂ ಬ್ಯಾಟರಿ ಕೊಡುವುದಾಗಿ ಹೇಳಿತ್ತು. ತೂಕ ಆರು ಕಿಲೋ ಒಳಗೆ. ಸೀಸದ ಬ್ಯಾಟರಿಗಿಂತ ಹತ್ತು ಕಿಲೋ ಹಗುರ. ಕಾರಿನ ತೂಕ ಇಳಿಸಲು ಹಿಂದಿನ ಸೀಟು ತೆಗೆಯುವವರಿದ್ದಾರೆ, ಎಸಿ ತೆಗೆಯುವವರೂ ಇದ್ದಾರೆ. ನನ್ನ ಕಾರಿಗೆ ಹಿಂದಿನ ಸೀಟೇ ಇಲ್ಲ. ದಾವಣಗೆರೆಯ ಏಪ್ರಿಲ್‌ನಲ್ಲಿ ಎಸಿ ತೆಗೆಯುವ ಧೈರ್ಯ ನನಗಿಲ್ಲ. ಬ್ಯಾಟರಿಯಾದರೆ ಎರಡು ಸ್ಪ್ಯಾನರ್, ಅರ್ಧ ಗಂಟೆ ಕೆಲಸ.

ಹಾಕಿದ ದಿನ ಸೆಲ್ಫ್ ಹೊಡೆದರೆ ಎಂಜಿನ್ ತಟ್ಟನೆ ಎದ್ದಿತು. ಇದು ಭ್ರಮೆಯಲ್ಲ. ಲಿಥಿಯಂ ಬ್ಯಾಟರಿಯ ವೋಲ್ಟೇಜು ಸೆಲ್ಫ್ ಎಳೆಯುವಾಗ ಸೀಸದ್ದರಷ್ಟು ಕುಸಿಯುವುದಿಲ್ಲ. ಆದರೆ ಮುಂದಿನದೆಲ್ಲ ಭ್ರಮೆಯೇ. ಭಾನುವಾರ ಬೆಳಗ್ಗೆ ತಮ್ಮನನ್ನು ಕೂರಿಸಿಕೊಂಡು ದುರ್ಗಕ್ಕೆ ಹೊರಟೆ. ಭರಮಸಾಗರ ದಾಟಿ, ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುವ ಹೊತ್ತಿಗೆ 'ಮುಂದಿನ ಭಾಗ ಎಷ್ಟು ಚುರುಕಾಗಿದೆ ನೋಡು' ಅಂತ ಎರಡು ಸಲ ಹೇಳಿದ್ದೆ. ಕಾರಿನ ತೂಕ ಹತ್ತಿರ ಹತ್ತಿರ 1,300 ಕಿಲೋ. ಅದರಲ್ಲಿ ಹನ್ನೊಂದು ಅಂದರೆ ನೂರಕ್ಕೆ ಒಂದೂ ಇಲ್ಲ. ವಾಪಸ್ ಬರುವಾಗ ತಮ್ಮ ಅರ್ಧ ಮೂಟೆ ಶೇಂಗಾ ತಂದು ಡಿಕ್ಕಿಗೆ ಹಾಕಿದ. ಆಗಲೂ ಕಾರು ಅಷ್ಟೇ ಚುರುಕಾಗಿತ್ತು.

ಆಮೇಲೆ ಕೊಯ್ಲು ಶುರುವಾಯಿತು. ಚನ್ನಗಿರಿ ಕಡೆ ನಮ್ಮ ತೋಟ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮೂರು ವಾರ ಅಲ್ಲೇ ಕಳೆಯಿತು. ಕಾರು ಊರಲ್ಲಿ ಹೊದಿಕೆ ಹೊದ್ದುಕೊಂಡು ನಿಂತಿತ್ತು.

ಬಂದು ರಿಮೋಟ್ ಒತ್ತಿದೆ. ಸದ್ದಿಲ್ಲ. ಕೀ ತಿರುಗಿಸಿ ಬಾಗಿಲು ಎಳೆದೆ. ಈ ಕಾರಿನ ಗ್ಲಾಸಿಗೆ ಫ್ರೇಮ್ ಇಲ್ಲ. ಬಾಗಿಲು ತೆಗೆದ ಕೂಡಲೇ ಗ್ಲಾಸು ಒಂದು ಬೆರಳಷ್ಟು ತಾನೇ ಇಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ಅವತ್ತು ಇಳಿಯಲಿಲ್ಲ. ಕರ್ ಅಂತ ರಬ್ಬರನ್ನು ಉಜ್ಜಿಕೊಂಡೇ ಬಂತು. ನನ್ನ ಹಲ್ಲು ಜುಮ್ಮೆಂದಿತು.

ಪಿ.ಬಿ. ರೋಡಿನಿಂದ ಮೇಸ್ತ್ರಿ ಬಂದ.

"ಬಾನೆಟ್ ತೆಗಿ ಅಣ್ಣ."

"ಅದು ತೆಗೆಯೋಕೆ ಕರೆಂಟ್ ಬೇಕು."

"ಕರೆಂಟ್ ಎಲ್ಲೈತೆ?"

"ಬಾನೆಟ್ ಒಳಗೆ."

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಅಪ್ಪಾಜಿ ಕಾಟಾ ನೋಡಿದ ಹಾಗೇ ಇತ್ತು ಆ ನೋಟ.

ಮ್ಯಾನುಯಲ್‌ನಲ್ಲಿ ದಾರಿ ಬರೆದಿತ್ತು. ಕಾಲಿಡುವ ಜಾಗದ ಪಕ್ಕ ಫ್ಯೂಸ್ ಪೆಟ್ಟಿಗೆ. ಅದರೊಳಗಿಂದ ಒಂದು ಕೆಂಪು ಕ್ಲಿಪ್ಪು ಹೊರಗೆ ಎಳೆಯಬಹುದು. ಅದಕ್ಕೆ ಪ್ಲಸ್, ಬಾಗಿಲ ಹತ್ತಿರದ ಕಬ್ಬಿಣಕ್ಕೆ ಮೈನಸ್. ಮೇಸ್ತ್ರಿ ತನ್ನ ಸ್ಪ್ಲೆಂಡರ್ ಬೈಕಿನ ಬ್ಯಾಟರಿ ಬಿಚ್ಚಿ ತಂದ. ಟಿಫನ್ ಡಬ್ಬಿಯಷ್ಟು ಗಾತ್ರ. ವೈರು ಮುಟ್ಟಿಸಿದ್ದೇ ತಡ, ಕಾರಿನ ಅಲಾರಂ ಇಡೀ ಬೀದಿಗೆ ಕೇಳುವಂತೆ ಬೊಬ್ಬೆ ಹಾಕಿತು. ಎದುರು ಮನೆ ಆಂಟಿ ಕಾಂಪೌಂಡಿಗೆ ಬಂದು ನಿಂತರು. ಆ ಗಲಾಟೆಯಲ್ಲೇ ಟಕ್ ಅಂತ ಬಾನೆಟ್ ಎದ್ದಿತು.

ಬ್ಯಾಟರಿಗೆ ಮೀಟರ್ ಇಟ್ಟರೆ ಹೆಚ್ಚುಕಡಿಮೆ ಸೊನ್ನೆ. ಮೇಸ್ತ್ರಿ "ಸತ್ತೋಗೈತೆ" ಅಂದ. ಸತ್ತಿರಲಿಲ್ಲ. ಚಾರ್ಜು ತೀರಾ ಇಳಿದಾಗ ಸೆಲ್‌ಗಳು ಹಾಳಾಗದಿರಲಿ ಅಂತ ಒಳಗಿನ ಸರ್ಕ್ಯೂಟ್ ತಾನೇ ಸಂಪರ್ಕ ಕಡಿದುಕೊಂಡಿತ್ತು. ಅವನ ಬೂಸ್ಟ್ ಚಾರ್ಜರ್ ಹಾಕಲು ನಾನು ಬಿಡಲಿಲ್ಲ. ಅದು ಸೀಸದ ಬ್ಯಾಟರಿ ಎಬ್ಬಿಸಲು ವೋಲ್ಟೇಜು ಏರಿಸುತ್ತದೆ, ಲಿಥಿಯಂಗೆ ಅದು ಆಗಿಬರುವುದಿಲ್ಲ. ಲಿಥಿಯಂದೇ ಚಾರ್ಜರ್ ತರಿಸುವವರೆಗೆ ಕಾರು ಮೂರು ದಿನ ಬಾನೆಟ್ ತೆರೆದುಕೊಂಡೇ ನಿಂತಿತ್ತು.

ಚಾರ್ಜ್ ಆದಮೇಲೆ ಲೆಕ್ಕ ಹಾಕಿದೆ. ಸುಮ್ನೆ ನಿಂತಾಗಲೂ ಅಲಾರಂ, ರಿಮೋಟಿನ ರಿಸೀವರ್ ಎಲ್ಲ ಸೇರಿ ನನ್ನ ಕಾರು 40 ಮಿಲಿ ಆಂಪಿಯರ್ ಕುಡಿಯುತ್ತದೆ. ದಿನಕ್ಕೆ ಹತ್ತಿರ ಹತ್ತಿರ ಒಂದು ಆಂಪಿಯರ್ ಅವರ್. ಹಳೇ ಬ್ಯಾಟರಿ 60ರದ್ದು. ಹೊಸದು 18ರದ್ದು. ಮೂರು ವಾರಕ್ಕೆ 21 ದಿನ. ಎರಡನೇ ಕ್ಲಾಸಿನ ಹುಡುಗ ಮಾಡುವ ಲೆಕ್ಕ ಇದು. ನಾನು ಅಂಗಡಿಯಲ್ಲಿ ತೂಕ ಮಾತ್ರ ಕೇಳಿದ್ದೆ.

ಹೊಟ್ಟೆ ಉರಿದ ವಿಷಯ ಇನ್ನೊಂದಿದೆ. ಪೋರ್ಷೆಯವರ ಸುದ್ದಿಯನ್ನು ಮತ್ತೆ ಓದಿದೆ, ಈ ಸಲ ಪೂರ್ತಿ. ಲಿಥಿಯಂ ಬ್ಯಾಟರಿ ತೆಗೆದುಕೊಂಡವರಿಗೆ ಅವರು ಮಾಮೂಲಿ ಸೀಸದ ಬ್ಯಾಟರಿಯನ್ನೂ ಜೊತೆಗೇ ಕೊಡುತ್ತಿದ್ದರು. ಚಳಿ ಜಾಸ್ತಿಯಾದಾಗ ಬದಲಿಸಿಕೊಳ್ಳಲಿ ಅಂತ. ಎರಡೂ ಒಂದೇ ಜಾಗದಲ್ಲಿ ಕೂರುವಂತೆ ಮಾಡಿದ್ದರು. ನಮಗೆ ಚಳಿಯ ತೊಂದರೆ ಇಲ್ಲ, ಕೊಯ್ಲಿನ ತೊಂದರೆ. ಆದರೂ ಉಪಾಯ ಅದೇ ಅಲ್ವಾ? ತಿರುಗಾಡುವ ದಿನಗಳಿಗೆ ಹಗುರದ್ದು, ನಿಲ್ಲಿಸುವ ದಿನಗಳಿಗೆ ಭಾರದ್ದು.

ಹಳೇ ಬ್ಯಾಟರಿಯನ್ನು ಗುಜರಿಗೆ ಹಾಕಿರಲಿಲ್ಲ, ತೋಟದ ಮನೆಗೆ ಕಳಿಸಿದ್ದೆ. ತರೋಣ ಅಂತ ಹೋದೆ. ಶೆಡ್ಡಿನಲ್ಲಿ ಇರಲಿಲ್ಲ. ಪಕ್ಕದ ಜೋಳದ ಹೊಲದ ಬೇಲಿಯ ಹತ್ತಿರ, ತಗಡಿನ ಡಬ್ಬಿಯೊಳಗೆ ಸಿಕ್ಕಿತು. ತಮ್ಮ ಅದನ್ನು ಜಟ್ಕಾ ಮಷಿನ್‌ಗೆ ಕಟ್ಟಿದ್ದ. ಮೇಲೊಂದು ಸೋಲಾರ್ ಪ್ಲೇಟು. ಸೆಕೆಂಡಿಗೊಮ್ಮೆ ಟಿಕ್, ಟಿಕ್ ಅಂತ ತಂತಿಗೆ ಶಾಕ್ ಹೋಗುತ್ತಿತ್ತು.

"ಬಿಚ್ಚಿಕೊಡೋ, ಕಾರಿಗೆ ಬೇಕು" ಅಂದೆ.

"ನಿನ್ ಕಾರು ಯಾವತ್ತೋ ಒಂದಿನ ಓಡ್ತೈತೆ ಅಣ್ಣ," ಅಂದ ತಮ್ಮ. "ಹಂದಿ ದಿನಾ ಬರ್ತಾವೆ."