ಆಕಾಶ ಇಷ್ಟ ಅಂದಳು

14 ಜೂನ್ 2025, ಶನಿವಾರ

ಸಂಜೆಯವರೆಗೆ ಬರೆಯುವಂಥದ್ದು ಏನೂ ಆಗಲಿಲ್ಲ. ಆಮೇಲೆ ಅಕ್ಕನ ಫೋನ್. "ನೀನು ಹೇಳಿದ್ರೆ ಕೇಳ್ತಾಳೆ, ಸ್ವಲ್ಪ ಬುದ್ಧಿ ಹೇಳು" ಅಂತ ಮಗಳ ಕೈಗೆ ಫೋನ್ ಕೊಟ್ಟಳು. ಪುಟ್ಟಿಗೆ ಫಿಸಿಕ್ಸ್ ಓದಬೇಕು, ಆಮೇಲೆ ಖಗೋಳ ವಿಜ್ಞಾನ. ಅಕ್ಕನಿಗೆ ಹೊಟ್ಟೆಪಾಡಿನ ಚಿಂತೆ.

"ಯಾಕೆ ಅದೇ ಬೇಕು?"

"ಇಷ್ಟ, ಚಿಕ್ಕಿ."

"ಏನಿಷ್ಟ?"

ಸ್ವಲ್ಪ ಹೊತ್ತು ಮಾತಿಲ್ಲ. "ಆಕಾಶ ನೋಡೋದು."

ಸುಮ್ನೆ ಬೆನ್ನು ತಟ್ಟಬಹುದಿತ್ತು. ಆದರೆ ಇದ್ದದ್ದನ್ನೇ ಹೇಳಿದೆ. ಈಗಿನ ಖಗೋಳ ವಿಜ್ಞಾನಿಗಳು ದೂರದರ್ಶಕಕ್ಕೆ ಕಣ್ಣಿಟ್ಟು ಕೂರುವುದಿಲ್ಲ. ದೊಡ್ಡ ದೂರದರ್ಶಕದಲ್ಲಿ ಒಂದೆರಡು ರಾತ್ರಿ ಸಿಗಲಿ ಅಂತ ಅರ್ಜಿ ಬರೆಯುತ್ತಾರೆ. ಒಂದು ಸಮಿತಿ ಅದನ್ನು ಓದಿ ಒಪ್ಪಬೇಕು, ಎಷ್ಟೋ ಸಲ ಒಪ್ಪುವುದಿಲ್ಲ. ಒಪ್ಪಿದರೂ ಆ ರಾತ್ರಿ ಮೋಡ ಬರಬಹುದು. ಮೋಡ ಇಲ್ಲದಿದ್ದರೆ ಡೇಟಾ ಸಿಗುತ್ತದೆ. ಅದರಲ್ಲಿ ಕ್ಯಾಮೆರಾದ ದೋಷ ತೆಗೆಯಬೇಕು, ಪ್ರೋಗ್ರಾಂ ಬರೆಯಬೇಕು, ಅದು ಓಡದಿದ್ದರೆ ಎಲ್ಲಿ ಕೆಟ್ಟಿದೆ ಅಂತ ತಿಂಗಳುಗಟ್ಟಲೆ ಹುಡುಕಬೇಕು.

"ಅದೂ ಇಷ್ಟ ಆಗಬಹುದಲ್ವಾ?"

ಆಗಬಹುದು! ನನಗೆ ಬೇಕಿದ್ದ ಪ್ರಶ್ನೆಯೇ ಅದು. ನಕ್ಷತ್ರ ಯಾರಿಗೆ ಇಷ್ಟವಿಲ್ಲ ಹೇಳಿ? ವಿಷಯದ ಮೇಲಿನ ಆಸೆ ಬೇರೆ, ಆ ವಿಷಯದ ದಿನನಿತ್ಯದ ಕೆಲಸದ ಮೇಲಿನ ಆಸೆ ಬೇರೆ. ಎರಡನೆಯದು ಇದೆಯೋ ಇಲ್ಲವೋ ಅಂತ ಕೂತು ಯೋಚಿಸಿದರೆ ಗೊತ್ತಾಗುವುದಿಲ್ಲ, ಕೈ ಹಾಕಿ ನೋಡಬೇಕು.

ಗೆಲಾಕ್ಸಿ ಝೂ ಅನ್ನುವ ವೆಬ್‌ಸೈಟ್ ತೋರಿಸಿದೆ. 2007ರಲ್ಲಿ ಶುರುವಾದದ್ದು. ಗೆಲಾಕ್ಸಿಗಳ ಫೋಟೋ ಕೊಡುತ್ತಾರೆ, ಸುರುಳಿಯೋ ಮೊಟ್ಟೆಯ ಆಕಾರವೋ ಅಂತ ಯಾರು ಬೇಕಾದರೂ ವಿಂಗಡಿಸಬಹುದು. ಅದೇ ವರ್ಷ ನೆದರ್ಲೆಂಡ್ಸಿನ ಶಾಲಾ ಟೀಚರ್ ಹ್ಯಾನಿ ವಾನ್ ಆರ್ಕೆಲ್ ಒಂದು ಫೋಟೋದಲ್ಲಿ ವಿಚಿತ್ರ ಕಲೆ ಕಂಡು, ಇದೇನು ಅಂತ ಕೇಳಿದರು. ವಿಜ್ಞಾನಿಗಳಿಗೂ ತಕ್ಷಣ ಗೊತ್ತಾಗಲಿಲ್ಲ. ಹೊಳೆಯುವ ದೊಡ್ಡ ಅನಿಲ ಮೋಡ ಅದು. ಈಗ ಅದಕ್ಕೆ ಅವರದೇ ಹೆಸರು. ಪುಟ್ಟಿ ಕೇಳಿದ್ದು ಇದನ್ನಲ್ಲ. "ಅವರು ಆಮೇಲೆ ಟೀಚರ್ ಕೆಲಸ ಬಿಟ್ರಾ?" ಇವಳ ತಲೆ ಎಲ್ಲಿ ಓಡುತ್ತದೋ!

ಊಟ ಆದ ಮೇಲೆ ಮೆಸೇಜ್ ಬಂತು. "ಚಿಕ್ಕಿ, ತುಂಬಾ ಬೋರ್. ಎಲ್ಲಾ ಮಸುಕು ಚುಕ್ಕೆ." ಸರಿ, ಮುಗೀತು ಅಂದುಕೊಂಡೆ. ಹನ್ನೊಂದಕ್ಕೆ ಇನ್ನೊಂದು: "ಇದನ್ನ ಕಂಪ್ಯೂಟರ್ ಕೈಲೇ ಮಾಡಿಸಬಹುದಲ್ವಾ? ಹೇಗೆ ಕಲಿಸೋದು?"

ಹಾಗಾದರೆ ಇವಳ ಇಷ್ಟ ಆಕಾಶವೇ ಅಲ್ಲವೇನೋ. ಅಥವಾ ಎರಡೂ ಇರಬಹುದು.

ಅಕ್ಕ ನಾಳೆ ಬೆಳಿಗ್ಗೆಯೇ ಫೋನ್ ಮಾಡುತ್ತಾಳೆ. "ಕೆಲಸ ಸಿಗುತ್ತಾ?" ಅಂತ ಕೇಳುತ್ತಾಳೆ. ಆ ಪ್ರಶ್ನೆ ತಪ್ಪೇನಲ್ಲ, ಫೀಸು ಕಟ್ಟುವವಳು ಅವಳು. ಫಿಸಿಕ್ಸ್ ಓದಿ ಸಾಫ್ಟ್‌ವೇರಿಗೆ, ಡೇಟಾ ಕೆಲಸಕ್ಕೆ ಹೋದವರು ಎಷ್ಟೋ ಜನ ಇದ್ದಾರೆ ಅನ್ನಬಹುದು. ಆದರೆ ಹಾಗಂದರೆ "ನೇರವಾಗಿ ಕಂಪ್ಯೂಟರ್ ಸೈನ್ಸೇ ಓದಲಿ" ಅನ್ನುತ್ತಾಳೆ, ಆಗ ನಾನು ಏನು ಹೇಳಲಿ?