ಓಣಿಯ ಕೆಳಗೆ ಇನ್ನೊಂದು ಹಾದಿ

ಬೀದರಿಗೆ ಬಂದವರು ಚೌಬಾರಾ ಗೋಪುರ ನೋಡುತ್ತಾರೆ, ಅಲ್ಲಿಂದ ಬಹಮನಿ ಪ್ರಧಾನಿ ಮಹಮೂದ್ ಗವಾನನ ಮದರಸಾಕ್ಕೆ ನಡೆಯುತ್ತಾರೆ, ಹಾಗೇ ಮುಂದೆ ಕೋಟೆಗೆ ಹೋಗಿಬಿಡುತ್ತಾರೆ. ಈ ದಾರಿಯಿಂದ ಒಡೆಯುವ ಸಣ್ಣ ಓಣಿಗಳ ಒಳಗೆ ಕಾಲಿಡುವವರು ಕಡಿಮೆ. ಅಂಥ ಒಂದು ಓಣಿಯಲ್ಲಿ ನಮ್ಮ ಆಯಿಯ ಮನೆ. ಎರಡು ಸೈಕಲ್ ಎದುರುಬದುರು ಬಂದರೆ ಒಂದು ಗೋಡೆಗೆ ಆತು ನಿಲ್ಲಬೇಕು, ಅಷ್ಟು ಇಕ್ಕಟ್ಟು.

ಆ ಮನೆಯ ಅಂಗಳದಲ್ಲಿ ಒಂದು ಬಾವಿ. ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾನು ಕಟ್ಟೆ ಮೇಲೆ ಬಗ್ಗಿ ಒದರುತ್ತಿದ್ದೆ. ಒಂದು ದಿನ ಆಯಿ ಹಿಂದಿನಿಂದ ಬಂದು ಅಂಗಿ ಹಿಡಿದು, "ಒದರಬ್ಯಾಡೋ ತಮ್ಮಾ, ಸುಮ್ನ ಕೇಳು, ಕೆಳಗ ನೀರು ಹೊಂಟದ" ಅಂದಳು. ಕೇಳಿದೆ. ಸಣ್ಣಗೆ, ಯಾರೋ ಪಕ್ಕದ ಮನೆಯಲ್ಲಿ ಕೊಡ ತುಂಬಿದ ಹಾಗೆ ಸಪ್ಪಳ. ಬಾವಿಯ ಗೋಡೆಯಲ್ಲಿ ಕೆಳಗೆ ಒಂದು ಕಿಂಡಿ ಇತ್ತು, ಮನುಷ್ಯ ಬಗ್ಗಿ ಹೋಗುವಷ್ಟು ದೊಡ್ಡದು, ಅದರಿಂದ ಬಾವಿಗೆ ನೀರು ಇಳಿಯುತ್ತಿತ್ತು. "ಅದರೊಳಗ ಹಾದಿ ಅದ" ಅಂತ ಆಯಿ ಹೇಳಿದ್ದನ್ನು ಮಕ್ಕಳನ್ನು ಹೆದರಿಸುವ ಕಥೆ ಅಂತಲೇ ತುಂಬಾ ವರ್ಷ ತಿಳಿದಿದ್ದೆ.

ಊರ ಹತ್ತಿರದ ನೌಬಾದಿನ ಸುರಂಗ ಬಾವಿಯ ಹೂಳು ತೆಗೆದ ಮೇಲೆ ಹೋಗಿ ನೋಡಿದೆ. ಕೆಂಪು ಕಲ್ಲು ಕಡಿದು ಮಾಡಿದ ಸುರಂಗ, ಒಳಗೆ ನೀರು. ಆಯಿ ಹೇಳಿದ್ದು ನಿಜ ಅಂತ ಆಗ ಗೊತ್ತಾಯಿತು. ಆ ಹೊತ್ತಿಗೆ ಅವಳು ಇರಲಿಲ್ಲ.

ಬೀದರ್ ಇರುವುದು ಎತ್ತರದ ಬಯಲಿನ ಮೇಲೆ, ಹತ್ತಿರದಲ್ಲಿ ಹೊಳೆ ಇಲ್ಲ. ಮಾಂಜ್ರಾ ಇದೆ, ಆದರೆ ದೂರ, ಅದೂ ಕೆಳಗೆ. 1430ರ ಆಸುಪಾಸು ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಸೈನ್ಯ, ಕುದುರೆ, ತೋಟ, ಸಾವಿರಾರು ಜನ, ಎಲ್ಲರಿಗೂ ನೀರು ಬೇಕಲ್ವಾ? ಉತ್ತರ ನೆಲದೊಳಗೇ ಇತ್ತು. ನಮ್ಮ ಊರಿನ ಮೇಲ್ಪದರ ತೂತುತೂತಾದ ಕೆಂಪು ಕಲ್ಲು. ಮಳೆ ನೀರನ್ನು ಹಾಗೇ ಕುಡಿಯುತ್ತದೆ. ಅದರ ಕೆಳಗೆ ಗಟ್ಟಿ ಕರಿ ಕಲ್ಲು. ಇಳಿದ ನೀರು ಇವೆರಡು ಕೂಡುವ ಜಾಗದಲ್ಲಿ ನಿಲ್ಲುತ್ತದೆ. ಪರ್ಷಿಯಾ ಕಡೆಯ ಜನರಿಗೆ ಇಂಥ ನೀರನ್ನು ಹೊರತೆಗೆಯುವ ವಿದ್ಯೆ ಹಳೆಯದು. ಅದೇ ಕರೇಜ್, ನಾವು ಸುರಂಗ ಬಾವಿ ಅನ್ನುವುದು.

ಕೆಲಸ ಹೇಗೆ ಅಂದರೆ, ಎತ್ತರದ ಜಾಗದಲ್ಲಿ ನೀರು ಸಿಗುವ ತನಕ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ ಸುರಂಗ ಕೊರೆಯುತ್ತಾರೆ, ನಡುನಡುವೆ ಮೇಲಿಂದ ಬಾವಿ ಇಳಿಸುತ್ತಾರೆ, ಮಣ್ಣು ಎತ್ತಲಿಕ್ಕೆ, ಗಾಳಿ ಬೆಳಕಿಗೆ, ಆಮೇಲೆ ನೀರು ಸೇದಲಿಕ್ಕೂ ಅದೇ. ಇಳಿಜಾರು ಸ್ವಲ್ಪವೇ ಇರಬೇಕು. ಜಾಸ್ತಿಯಾದರೆ ನೀರು ಸುರಂಗವನ್ನೇ ಕೊರೆದುಬಿಡುತ್ತದೆ, ಕಡಿಮೆಯಾದರೆ ನಿಂತು ಹೂಳು ಕಟ್ಟುತ್ತದೆ. ಪಂಪು ಬೇಡ, ಕರೆಂಟು ಬೇಡ. ನೌಬಾದಿನದು 2 ಕಿಲೋಮೀಟರಿಗಿಂತ ಉದ್ದ. ಅದನ್ನು ಮಣ್ಣಿನ ಕೆಳಗೆ, ದೀಪದ ಬೆಳಕಲ್ಲಿ, ಕೈಯಲ್ಲಿ ಅಗೆದವರ ಬಗ್ಗೆ ಯೋಚಿಸಿದಾಗಲೆಲ್ಲ ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಬೀದರಿನಲ್ಲಿ ಇಂಥವು ಮೂರು: ನೌಬಾದಿನದು, ಶುಕ್ಲತೀರ್ಥ, ಜಮ್ನಾ ಮೋರಿ. ಮೂರನೆಯದೇ ನನಗೆ ಹತ್ತಿರದ್ದು. ಅದು ಒಂದೇ ಉದ್ದ ಸುರಂಗ ಅಲ್ಲ, ಹಳೇ ಊರಿನ ಓಣಿಗಳನ್ನು ಅಡ್ಡ ದಾಟಿ ನೀರು ಹಂಚುತ್ತಿದ್ದ ಕಾಲುವೆಗಳ ಜಾಲ. ಜಮ್ನಾ ಅಂದರೆ ಯಮುನೆ. ಈಗ ಮೋರಿ ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತೇವೆ, ಆದರೆ ಆ ಹೆಸರಿಟ್ಟವರಿಗೆ ಅದು ನದಿಯಷ್ಟೇ ದೊಡ್ಡದಾಗಿ ಕಂಡಿರಬೇಕು. ಇಲ್ಲದಿದ್ದರೆ ಕಲ್ಲಿನ ಕಾಲುವೆಗೆ ಯಾರಾದರೂ ಯಮುನೆಯ ಹೆಸರಿಡುತ್ತಾರಾ?

1472ರಲ್ಲಿ ಗವಾನ್ ಮದರಸಾ ಕಟ್ಟಿಸಿದ. 1481ರಲ್ಲಿ ಅವನದೇ ಸುಲ್ತಾನ ಅವನ ತಲೆ ತೆಗೆಸಿದ. 1696ರಲ್ಲಿ ಸಿಡಿಮದ್ದು ಸಿಡಿದು ಮದರಸಾದ ಒಂದು ಭಾಗವೇ ಹಾರಿಹೋಯಿತು. ಬಹಮನಿಗಳು ಹೋದರು, ಬರೀದರು ಬಂದರು, ಮೊಗಲರು, ನಿಜಾಮರು. ಇದನ್ನೆಲ್ಲ ನಾವು ಶಾಲೆಯಲ್ಲಿ ಓದಿದೆವು. ಓಣಿಯ ಜನ ಏನು ಕುಡಿದು ಬದುಕಿದರು ಅಂತ ಯಾರೂ ಪಾಠ ಮಾಡಲಿಲ್ಲ. ನನಗೆ ಬೇಕಾಗಿದ್ದು ಆ ಪಾಠ.

ನಳ ಬಂದ ಮೇಲೆ ಬಾವಿಗಳು ಒಂದೊಂದಾಗಿ ಮುಚ್ಚಿದವು. ಕಾರಂಜಾ ಜಲಾಶಯದ ನೀರು ಬರುತ್ತದೆ, ಬಾವಿ ಯಾಕೆ ಅಂತ ಕೆಲವರು ಮೇಲೆ ಫರ್ಸಿ ಕಲ್ಲು ಹಾಕಿದರು, ಕೆಲವರು ಮನೆ ಕೆಡವಿದ ಮಣ್ಣು ಕಲ್ಲು ತುಂಬಿದರು. ಇನ್ನೂ ಕೆಟ್ಟದ್ದು ಪಾಯಖಾನೆ ಗುಂಡಿ. ತೂತಿನ ಕಲ್ಲು ಮಳೆ ನೀರನ್ನು ಹೇಗೆ ಒಳಗೆ ಬಿಡುತ್ತದೋ ಹೊಲಸನ್ನೂ ಹಾಗೇ ಬಿಡುತ್ತದೆ. ಕೆಲವು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ಚರಂಡಿಗೆ ಅಗೆಯುವಾಗ ಕಲ್ಲು ಕಟ್ಟಿದ ಕಾಲುವೆಯೊಂದು ಸಿಕ್ಕಿತ್ತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅದರ ಮೇಲೆ ಕಾಂಕ್ರೀಟ್ ಸುರಿದಿದ್ದರು. "ಹಳೇ ಮೋರಿ ರೀ ಸರ, ಏನಿಲ್ಲ ಅದರಾಗ" ಅಂದ ಗುತ್ತಿಗೆದಾರ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಕಳೆದ ಮೇ ತಿಂಗಳಲ್ಲಿ ಆಯಿಯ ಬಾವಿಯ ಹೂಳು ತೆಗೆಸಿದೆವು. ಮೂರು ದಿನದ ಕೆಲಸ, ಬುಟ್ಟಿ ಬುಟ್ಟಿ ಕೆಸರು, ಒಡೆದ ಕೊಡ, ಒಂದು ಹಿತ್ತಾಳೆ ಚರಿಗೆ. ನಾಲ್ಕನೇ ದಿನ ಬೆಳಿಗ್ಗೆ ಕಿಂಡಿಯ ಕಲ್ಲು ಒದ್ದೆಯಾಗಿತ್ತು.

ಎರಡು ಮನೆ ಆಚೆ ಒಬ್ಬರು ತಮ್ಮ ಬಾವಿ ಮುಚ್ಚಿ ಬಚ್ಚಲು ಕಟ್ಟಿಸುವವರಿದ್ದರು. ಅವರನ್ನು ಕರೆದು ಟಾರ್ಚ್ ಬಿಟ್ಟು ತೋರಿಸಿದೆ. ಸದ್ಯಕ್ಕೆ ಕೆಲಸ ನಿಲ್ಲಿಸಿದ್ದಾರೆ. ಬರುವ ಭಾನುವಾರ ಅವರ ಬಾವಿಯ ಫರ್ಸಿ ತೆಗೆದು, ನಮ್ಮ ಬಾವಿಯ ಕಡೆಗಿರುವ ಗೋಡೆಯಲ್ಲಿ ಅಂಥದೇ ಕಿಂಡಿ ಇದೆಯಾ ಅಂತ ನೋಡುವುದಿದೆ. ಹಗ್ಗ ತಂದಿಟ್ಟಿದ್ದೇನೆ.