ಮ್ಯಾನೇಜ್ ಮಾಡ್ರಿ

ನಮ್ಮ ಹುಬ್ಬಳ್ಳಿಯಲ್ಲಿ ಈ ಮಾತು ಕೇಳದ ದಿನ ಇಲ್ಲ. ಚಿಲ್ಲರೆ ಇಲ್ಲವಾ, ಮ್ಯಾನೇಜ್ ಮಾಡ್ರಿ. ಬಸ್ಸಿನಲ್ಲಿ ಸೀಟಿಲ್ಲವಾ, ಮ್ಯಾನೇಜ್ ಮಾಡ್ರಿ.

ಈ ಪದ 16ನೇ ಶತಮಾನದಲ್ಲಿ ಇಟಲಿಯ ಭಾಷೆಯಿಂದ ಇಂಗ್ಲಿಷಿಗೆ ಬಂತು. ಆಗ ಅರ್ಥ ಕುದುರೆ ಪಳಗಿಸುವುದು. ಬೇರು ಲ್ಯಾಟಿನ್ನಿನ ‘ಮಾನುಸ್’, ಅಂದರೆ ಕೈ. ಆಮೇಲೆ ಅಂಗಡಿ, ದುಡ್ಡು, ಆಳುಕಾಳು ಎಲ್ಲಾ ಅದರೊಳಗೆ ಸೇರಿದವು.

ನನಗೆ ಜಾಸ್ತಿ ಇಷ್ಟ ‘ಮ್ಯಾನೇಜ್ಡ್ ಟು’. ‘ಐ ಮ್ಯಾನೇಜ್ಡ್ ಟು ಪಾಸ್’ ಅಂದಾಗ ಪಟ್ಟ ಕಷ್ಟವೂ ಕೇಳಿಸುತ್ತದೆ, ಗೆದ್ದದ್ದೂ ಕೇಳಿಸುತ್ತದೆ. ಧಾರವಾಡಕ್ಕೆ ಬಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಷ್ಟೋ ಹುಡುಗರು ಇದರ ಬದಲು ‘ಕುಡ್’ (could) ಹಾಕುತ್ತಾರೆ. ಒಂದು ಸಲ ಕಷ್ಟಪಟ್ಟು ಸಾಧಿಸಿದ ಕೆಲಸಕ್ಕೆ ‘ಮ್ಯಾನೇಜ್ಡ್ ಟು’ ಸರಿ. ಆಗಲಿಲ್ಲ ಅನ್ನುವುದಾದರೆ ‘ಕುಡಂಟ್’ ನಡೆಯುತ್ತದೆ. ಮತ್ತೆ, ಆ ‘ಟು’ ಆದಮೇಲೆ ಬರುವ ಕ್ರಿಯಾಪದಕ್ಕೆ ‘ಇಂಗ್’ ಅಂಟಿಸಬೇಡಿ.

ಮನೆ, ಹೊಲ, ಮಕ್ಕಳ ಫೀಸು ಸಂಭಾಳಿಸಿ, ಮೇಲೆ ಸ್ವಸಹಾಯ ಸಂಘದ ಲೆಕ್ಕವನ್ನೂ ನೋಡುವ ಅಕ್ಕಂದಿರು ಅರ್ಜಿಯಲ್ಲಿ ‘ಮ್ಯಾನೇಜ್’ ಅನ್ನುವ ಕ್ರಿಯಾಪದ ಬರೆಯಲು ಹಿಂಜರಿಯುತ್ತಾರೆ. ಧೈರ್ಯವಾಗಿ ಬರೀರಿ ಅಕ್ಕಾ. ಸಂಘ ನಡೆಸೋದೂ ಅದೇ ಕೆಲಸ ಅಲ್ವಾ.